ಒಂದು ಎಳೆ ಸರಿದ ಸಾಲು

ಸುಚೇತಾ ಇಂಗ್ಲೆಂಡಿನ ಲೀಡ್ಸ್ ಊರಿನ ಹೆಡಿಂಗ್ಲೀಯ ಆ ಮನೆಗೆ ಮೊದಲ ಸಲ ಬಂದದ್ದು ಸೆಪ್ಟೆಂಬರಿನ ಒಂದು ಭಾನುವಾರ, ಹನ್ನೊಂದು ಗಂಟೆಗೆ ಇನ್ನೂ ಹತ್ತು ನಿಮಿಷ ಇರುವಾಗ. ಹನ್ನೊಂದಕ್ಕೆ ಬರುತ್ತೇನೆ ಅಂದಿದ್ದಳು. ಮೇಲಿನ ಕೋಣೆ ಬಾಡಿಗೆಗಿದೆ ಎಂದು ಕನ್ನಡದವರ ವಾಟ್ಸಾಪ್ ಗುಂಪಿನಲ್ಲಿ ಯಾರೋ ಹಾಕಿದ್ದನ್ನು ನೋಡಿ ಬಂದವಳು. ಅವಳಿಗಿಂತ ಮೊದಲು ನಾಲ್ವರು ಬಂದು ಹೋಗಿದ್ದರು. ನಾಲ್ವರೂ ಮೊದಲು ಕೇಳಿದ್ದು ವೈಫೈ, ಆಮೇಲೆ ಹೀಟಿಂಗು, ಆಮೇಲೆ ಬಸ್ ಸ್ಟಾಪು. ಈ ಹುಡುಗಿ ಏನೂ ಕೇಳಲಿಲ್ಲ. ಬಾಗಿಲ ಒಳಗೆ ಕಾಲಿಟ್ಟವಳೇ ಗೋಡೆಗೆ ತೂಗುಹಾಕಿದ್ದ ಕಸೂತಿ ಬಟ್ಟೆಯ ಮುಂದೆ ನಿಂತಳು. ನಿಂತವಳು ಅದರ ಕೆಳ ಅಂಚು ಹಿಡಿದು ಮೇಲೆತ್ತಿ ಹಿಂಬದಿ ನೋಡಿದಳು.

ಮನೆಯೊಡತಿ ಸಿದ್ದವ್ವನಿಗೆ ಯಾರೋ ತನ್ನ ಸೆರಗು ಎಳೆದಂತಾಯಿತು. ಗೋಪುರ, ಆನೆ, ತೊಟ್ಟಿಲು ತೆಗೆದಿದ್ದ ಆ ಬಟ್ಟೆ ನಲವತ್ತು ವರ್ಷದಿಂದ ಅಲ್ಲೇ ಇತ್ತು. ಬಂದವರೆಲ್ಲ ಎದುರು ನಿಂತು ಚೆಂದ ಇದೆ ಎಂದು ಹೋದವರೇ. ಹಿಂಬದಿ ನೋಡಿದವರು ಒಬ್ಬರೂ ಇಲ್ಲ. ಅವಳ ಗಂಡ ಡಾಕ್ಟರ್ ಮೃತ್ಯುಂಜಯ ಕೂಡ, ಹೋದ ವರ್ಷ ತೀರಿಕೊಳ್ಳುವವರೆಗೂ, ಒಮ್ಮೆಯೂ ನೋಡಿರಲಿಲ್ಲ.

“ಆಂಟಿ, ಎರಡೂ ಕಡೆ ಒಂದೇ ಥರ ಇದೆಯಲ್ಲ. ಗಂಟು ಎಲ್ಲಿ?”

“ಕಸೂತಿಗೆ ಗಂಟು ಹಾಕಂಗಿಲ್ಲವ್ವ. ದಾರದ ತುದಿನ ಹೊಲಿಗಿ ಒಳಗ ಹಾಯಿಸಿ ಮುಚ್ಚಿಬಿಡೂದು.”

“ಅಂದ್ರೆ ತುದಿ ಇದೆ. ಆದ್ರೆ ಇದೆ ಅಂತ ಗೊತ್ತಾಗಲ್ಲ.”

“ಹೊಲದಾಕಿಗೆ ಗೊತ್ತಿರತೈತಿ.”

ಹುಡುಗಿ ಬಟ್ಟೆಯನ್ನು ಕೆಳಗೆ ಬಿಟ್ಟು ಅಂಗೈಯಿಂದ ಸವರಿ ಸರಿಮಾಡಿದಳು. “ನಾನು ಮುಂದೆ ಮಾಡಬೇಕು ಅಂತಿರೋ ಕೆಲಸಾನೂ ಇದೇ,” ಅಂದಳು.

“ಕಸೂತೀನ?”

“ಮುಚ್ಚಿಡೋದು. ಮುಚ್ಚಿಟ್ಟಿದ್ದಾರೆ ಅಂತಾನೇ ಗೊತ್ತಾಗದ ಹಾಗೆ ಹೇಗೆ ಮುಚ್ಚಿಡ್ತಾರೆ ಅಂತ ಬರೆಯೋದು.”

“ಕಳ್ಳರ ಸುದ್ದಿ ಬರಿತಿ ಅನ್ನು.”

“ಅರ್ಧ ಕಳ್ಳರದು. ಇನ್ನರ್ಧ ಕಳ್ಳರಿಗೆ ಹೆದರೋರದು.”

ಕೋಣೆ ನೋಡುವ ಮೊದಲೇ ಮಾತು ಮುಗಿದುಹೋಯಿತು. ಮುಂದಿನ ಶನಿವಾರ ಅವಳು ಎರಡು ಸೂಟ್‌ಕೇಸು, ಮೂರು ಲ್ಯಾಪ್‌ಟಾಪು ತಂದು ಮೇಲೆ ಸೇರಿಕೊಂಡಳು. ಒಂದು ತಿಂಗಳಿಗೆ ಆಂಟಿ ಹೋಗಿ ಅಮ್ಮ ಆಯಿತು. ಸಿದ್ದವ್ವ ಅವಳನ್ನು ತಂಗಿ ಎಂದೇ ಕರೆದಳು.

ಸುಚೇತಾ ಮೈಸೂರಿನವಳು. ಇಂಜಿನಿಯರಿಂಗ್ ಓದಿ, ಮೇಲಿನ ಓದಿಗೆ ಲೀಡ್ಸಿಗೆ ಬಂದು, ಓದು ಮುಗಿದ ಮೇಲೆ ಬರೆಯುವ ಕೆಲಸಕ್ಕೆ ಬಿದ್ದವಳು. ಮ್ಯಾಂಚೆಸ್ಟರಿನ ಹತ್ತಿರ ಮೀಡಿಯಾಸಿಟಿಯಲ್ಲಿ ಆಫೀಸಿದ್ದ ಒಂದು ತಂತ್ರಜ್ಞಾನದ ಪತ್ರಿಕೆ ಅವಳಿಗೆ ಮೊದಮೊದಲು ಕೊಟ್ಟದ್ದು ಹೆಡ್‌ಫೋನುಗಳನ್ನು. ಕಿವಿಗೆ ಹಾಕಿಕೊಂಡು ನೋಡಿ ಯಾವುದು ಚೆನ್ನ ಎಂದು ಬರೆಯಬೇಕು. ಮೊದಲ ಎರಡು ವರ್ಷ ಮನೆಗೆ ಬಂದ ಇಯರ್‌ಫೋನುಗಳನ್ನು ಸಿದ್ದವ್ವ ಎಣಿಸಿಟ್ಟಿದ್ದಳು, ನೂರಾ ಹದಿನಾಲ್ಕು. ವಾರಕ್ಕೆ ಮೂರು ದಿನ ಸುಚೇತಾ ಲೀಡ್ಸಿನಿಂದ ಮ್ಯಾಂಚೆಸ್ಟರಿಗೆ ರೈಲು, ಅಲ್ಲಿಂದ ಆಫೀಸಿಗೆ ಟ್ರಾಮು ಹಿಡಿಯುತ್ತಿದ್ದಳು. ಉಳಿದ ದಿನ ಅಡುಗೆಮನೆಯ ಟೇಬಲ್ಲೇ ಅವಳ ಆಫೀಸು. ಟೇಬಲ್ಲಿನ ಒಂದು ತುದಿಗೆ ಲ್ಯಾಪ್‌ಟಾಪು, ಇನ್ನೊಂದು ತುದಿಗೆ ಸಿದ್ದವ್ವನ ಬಟ್ಟೆ, ಸೂಜಿ, ದಪ್ಪ ಕನ್ನಡಕ.

ಸಿದ್ದವ್ವ ಓದಿದ್ದು ಮೂರನೇ ಇಯತ್ತೆ. ಕನ್ನಡ ಕೂಡಿಸಿ ಕೂಡಿಸಿ ಓದುವಳು. ಇಂಗ್ಲಿಷು ಕಿವಿಗೆ ಅಷ್ಟಿಷ್ಟು ತಿಳಿದೀತು, ಕಣ್ಣಿಗೆ ಏನೂ ಇಲ್ಲ. ಆದರೆ ಎಣಿಕೆಯಲ್ಲಿ ಅವಳು ತಪ್ಪಿದ್ದನ್ನು ಯಾರೂ ಕಂಡಿಲ್ಲ. ಕಸೂತಿಗೆ ನಕ್ಷೆ ಬರೆದುಕೊಳ್ಳುವಂತಿಲ್ಲ, ಬಟ್ಟೆಯ ಎಳೆ ಎಣಿಸಿಯೇ ಸೂಜಿ ಹಾಕಬೇಕು. ಅರವತ್ತು ವರ್ಷ ಅದನ್ನೇ ಮಾಡಿದ ಕಣ್ಣು.

“ಒಂದು ಫೋಟೋ ಅಂದ್ರೆ ಸಣ್ಣ ಸಣ್ಣ ಚುಕ್ಕಿ ಅಮ್ಮ,” ಎಂದು ಸುಚೇತಾ ಒಮ್ಮೆ ಬಿಡಿಸಿ ಹೇಳಿದ್ದಳು. “ಒಂದೊಂದು ಚುಕ್ಕಿಗೂ ಬಣ್ಣದ ನಂಬರ್ ಇರುತ್ತೆ. ಇನ್ನೂರು ಇದ್ದಿದ್ದನ್ನ ಇನ್ನೂರೊಂದು ಮಾಡಿದ್ರೆ ಕಣ್ಣಿಗೆ ಗೊತ್ತಾಗಲ್ಲ. ಹಾಗೆ ಸಾವಿರಾರು ಚುಕ್ಕಿ ಒಂಚೂರು ಬದಲಾಯಿಸಿದ್ರೆ ಒಂದು ಪತ್ರಾನೇ ಒಳಗೆ ಕೂತ್ಕೊಳ್ಳುತ್ತೆ.”

“ಅಷ್ಟ್ಯಾಕ ತ್ರಾಸ? ಕೀಲಿ ಹಾಕಿದ್ರ ಆತಲ್ಲ.”

“ಕೀಲಿ ನೋಡಿದ್ರೆ ಒಳಗೆ ಏನೋ ಇದೆ ಅಂತ ಗೊತ್ತಾಗುತ್ತಲ್ಲ. ಇಲ್ಲಿ ಕೀಲೀನೇ ಇಲ್ಲ.”

ಈ ವಿಷಯ ಹಿಡಿದು ಹದಿನೈದು ದಿನಕ್ಕೊಂದು ಅಂಕಣ ಬರೆಯಲು ಮೂರನೇ ವರ್ಷ ಅವಳಿಗೆ ಜಾಗ ಸಿಕ್ಕಿತು. ಹೆಸರು ತಂದದ್ದು ಕಸೂತಿಯ ಅಂಕಣ. ಸಿದ್ದವ್ವನ ಕೈಯಲ್ಲಿ ಒಂದು ಆನೆ ಹೊಲಿಸಿ, ಆನೆಯ ಮೈಮೇಲಿನ ಜೂಲಿನ ಅಂಚಿನಲ್ಲಿ ಎಲ್ಲಿ ಎರಡು ಎಳೆ, ಎಲ್ಲಿ ಮೂರು ಎಳೆ ಬಿಡಬೇಕು ಎಂದು ತಾನೇ ಹೇಳಿ ಬಿಡಿಸಿದಳು. ಅದರಲ್ಲಿ ಒಂದು ಹೆಸರು ಅಡಗಿದೆ, ಹುಡುಕಿ ಎಂದು ಓದುಗರಿಗೆ ಬಿಟ್ಟಳು. ಮೂವರು ಹುಡುಕಿದರು. ಹೆಸರು ಸಿದ್ದವ್ವ. ಇಂಗ್ಲಿಷಿನಲ್ಲಿ ಸಹಿ ಹಾಕಲು ಬಾರದ ತನ್ನ ಹೆಸರನ್ನು ನ್ಯೂಕ್ಯಾಸಲ್‌ನ ಒಬ್ಬ ನಿವೃತ್ತ ಮೇಷ್ಟ್ರು ಆನೆಯ ಬೆನ್ನಿನಿಂದ ಓದಿದನೆಂದು ಕೇಳಿ ಅವಳು ಎರಡು ದಿನ ಬೆಪ್ಪಾಗಿ ಓಡಾಡಿದಳು. ಮರುವರ್ಷ ಪುಸ್ತಕ ಬರೆದುಕೊಡಿ ಎಂದು ಪ್ರಕಾಶಕರೇ ಬಂದರು. ಸುಚೇತಾ ಊರೂರಿಗೆ ಭಾಷಣಕ್ಕೆ ಹೋಗತೊಡಗಿದಳು.

ಆ ದಿನಗಳಲ್ಲೇ ಕಾರ್ತಿಕೇಯನನ್ನು ಅವಳಿಗೆ ಪರಿಚಯ ಮಾಡಿಸಿದ್ದು. ಮಾಡಿಸಿದವಳು ಸಿದ್ದವ್ವನೇ. ಅವನು ಡಾಕ್ಟರ ಅಣ್ಣನ ಮೊಮ್ಮಗ. ಕೊವೆಂಟ್ರಿಯಲ್ಲಿ ಕಾರಿನ ಬಿಡಿಭಾಗ ಮಾಡುವ ಒಂದು ಕಂಪನಿಯಲ್ಲಿ ಇಂಜಿನಿಯರು. ತಿಂಗಳಿಗೊಮ್ಮೆ ಹೆಂಡತಿ ಸೌಮ್ಯಾಳನ್ನೂ ಆಗಿನ್ನೂ ಕೂಸಾಗಿದ್ದ ಮಗಳು ಇಂಚರಾಳನ್ನೂ ಕರೆದುಕೊಂಡು ಜೋಳದ ರೊಟ್ಟಿಗೆಂದು ಬರುತ್ತಿದ್ದ. ಅವನ ವೀಸಾ ಕಂಪನಿಯದು. ಆ ಕೆಲಸ ಇರುವವರೆಗೆ ಈ ದೇಶ. ಕೆಲಸ ಹೋದರೆ ಅರವತ್ತು ದಿನದೊಳಗೆ ಬೇರೆ ಕಂಪನಿ ಹಿಡಿಯಬೇಕು, ಇಲ್ಲವೇ ಗಂಟುಮೂಟೆ ಕಟ್ಟಬೇಕು.

“ಆಯಿ, ನಿಮ್ಮ ಮನ್ಯಾಗ ಗೂಢಚಾರಿಣಿ ಇಟಗೊಂಡೀರಿ,” ಎಂದು ಅವನು ಸುಚೇತಾಳ ಎದುರೇ ಅಂದಿದ್ದ.

“ನಿಮ್ಮ ಕಾರಿನಲ್ಲಿ ಏನೇನು ಮುಚ್ಚಿಟ್ಟಿದ್ದೀರಿ ಹೇಳಿ, ನಾಳೆನೇ ಹಾಕ್ತೀನಿ,” ಅಂದಿದ್ದಳು ಅವಳು.

ನಕ್ಕಿದ್ದರು. ಸಿದ್ದವ್ವನೂ ಇನ್ನೊಂದು ರೊಟ್ಟಿ ಹಾಕಿ ನಕ್ಕಿದ್ದಳು.

ಕಳೆದ ವರ್ಷ ಫೆಬ್ರವರಿಯ ಒಂದು ಮಂಗಳವಾರ, ಮಧ್ಯಾಹ್ನದ ಊಟವಾದ ಮೇಲೆ ಸುಚೇತಾ ಒಂದು ಹಾಳೆ ಪ್ರಿಂಟ್ ತೆಗೆದು ಟೇಬಲ್ಲಿನ ಮೇಲಿಟ್ಟಳು. ಇಟ್ಟು ಲ್ಯಾಪ್‌ಟಾಪಿಗೆ ತಿರುಗಿದಳು. ಯಾರ ಹಾಳೆ, ಯಾರು ಕೊಟ್ಟರು, ಹೇಳಲಿಲ್ಲ. ಕೊಟ್ಟವರ ಹೆಸರನ್ನು ಮನೆಯ ಗೋಡೆಗೂ ಹೇಳಬಾರದು ಎಂಬುದು ಅವಳ ವೃತ್ತಿಯ ಕಟ್ಟುನಿಟ್ಟು. ಸಿದ್ದವ್ವ ಅದನ್ನು ಕೇಳಿದವಳೂ ಅಲ್ಲ.

ಸಿದ್ದವ್ವನ ಮುಂದೆ ಒಂದು ದಿಂಬಿನ ಬಟ್ಟೆ ಇತ್ತು. ಕಣ್ಣಿಗೆ ಬಿಡುವು ಕೊಡಲೆಂದು ತಲೆ ಎತ್ತಿದಾಗ ನೋಟ ಆ ಹಾಳೆಯ ಮೇಲೆ ಬಿತ್ತು. ಇಂಗ್ಲಿಷು, ಏನು ಬರೆದಿದೆಯೋ ತಿಳಿಯದು. ಸಾಲುಗಳಷ್ಟೇ ಕಂಡವು, ನೆಯ್ದ ಹಾಗೆ, ಒಂದರ ಕೆಳಗೊಂದು. ಮೂರನೇ ಸಾಲಿನ ಹತ್ತಿರ ಕಣ್ಣು ಎಡವಿತು. ಸುಮ್ಮನಿರಲಾರದೆ ತನ್ನ ಬಟ್ಟೆಯ ಅಂಚನ್ನು ಹಾಳೆಯ ಪಕ್ಕಕ್ಕೆ ಹಿಡಿದು ಎಳೆ ಎಣಿಸಿದಳು. ಸಾಲಿಂದ ಸಾಲಿಗೆ ಒಂಬತ್ತು ಎಳೆ. ಮೂರನೇ ಸಾಲಿನ ಮೇಲೆ ಮಾತ್ರ ಹತ್ತು, ಕೆಳಗೆ ಎಂಟು.

“ಮೂರನೇ ಸಾಲು ಒಂದ ಎಳಿ ಕೆಳಗ ಸರಿಸ್ಯಾರ ನೋಡ ತಂಗಿ,” ಅಂದಳು.

ಸುಚೇತಾ ತಿರುಗಲಿಲ್ಲ. ಅವಳ ಬೆರಳು ಕೀಲಿಮಣೆಯ ಮೇಲೆ ಓಡುತ್ತಿತ್ತು. “ಬಿಚ್ಚಿ ಹಾಕಿಬಿಡಿ ಅಮ್ಮ. ಇಲ್ಲಾಂದ್ರೂ ಪರವಾಗಿಲ್ಲ, ಅಷ್ಟು ಸಣ್ಣದು ಯಾರಿಗೆ ಕಾಣುತ್ತೆ?”

ಸಿದ್ದವ್ವ ಇನ್ನೂ ಎಣಿಸುತ್ತಿದ್ದಳು. ಏಳನೇ ಸಾಲೂ ಹಾಗೇ ಕೆಳಗೆ. ಹನ್ನೊಂದನೆಯದು ಮೇಲಕ್ಕೆ. ಅದನ್ನೂ ಹೇಳಲು ಬಾಯಿ ತೆರೆದಳು. ಯಾರಿಗೆ ಕಾಣುತ್ತೆ ಅಂದಳಲ್ಲ, ಅಂದರೆ ಅವಳಿಗೆ ಗೊತ್ತಿದೆ. ಇಷ್ಟು ಓದಿದವಳಿಗೆ, ಇದರ ಮೇಲೆ ಪುಸ್ತಕವನ್ನೇ ಬರೆದವಳಿಗೆ, ಮೂರನೇ ಇಯತ್ತೆಯ ಮುದುಕಿ ಏನು ಹೇಳುವುದು? ಬಾಯಿ ಮುಚ್ಚಿ ಸೂಜಿಗೆ ದಾರ ಪೋಣಿಸಿದಳು.

ಗುರುವಾರ ಅವಳ ಪತ್ರಿಕೆಯಲ್ಲಿ ಸುದ್ದಿ ಬಂತು. ಒಂದು ಕಂಪನಿ ಮಾಡಿದ ಕಾರು ಚಾರ್ಜ್ ಮಾಡುವ ಕೇಬಲ್ಲು ಬಿಸಿಯಾಗಿ ಕರಗುತ್ತದೆ, ಪರೀಕ್ಷೆಯಲ್ಲಿ ಮೂರು ಸಲ ಕರಗಿದೆ, ಆ ಫಲಿತಾಂಶವನ್ನು ಸದ್ಯಕ್ಕೆ ಹೊರಗೆ ಬಿಡಬೇಡಿ ಎಂದು ಮೇಲಿನವರು ಬರೆದ ಸೂಚನೆಯೇ ಆ ಹಾಳೆ. ಸುಚೇತಾಳ ಹೆಸರಿನ ಕೆಳಗೆ ಆ ಹಾಳೆಯ ಚಿತ್ರವನ್ನೇ ಹಾಕಿದ್ದರು. ಚಿತ್ರ ಇಲ್ಲದಿದ್ದರೆ ಯಾರು ನಂಬುತ್ತಾರೆ ಎಂದು ಸಂಪಾದಕರು ಹಟ ಹಿಡಿದಿದ್ದರಂತೆ. ದೊಡ್ಡ ಪತ್ರಿಕೆಗಳೂ ಎತ್ತಿಕೊಂಡವು. ಅವತ್ತು ಅವಳು ಸಿಹಿ ತಂದಿದ್ದಳು.

ಸೋಮವಾರ ಹತ್ತು ಗಂಟೆಗೆ ಸೌಮ್ಯಾ ಫೋನು ಮಾಡಿದಳು. ಅಳುತ್ತಿರಲಿಲ್ಲ. ಅಡುಗೆಯ ವಿಷಯ ಹೇಳುವ ದನಿಯಲ್ಲೇ ಹೇಳಿದಳು.

“ಆಯಿ, ಇವರನ್ನ ಕೆಲಸದಿಂದ ಹೊರಗಿಟ್ರು. ವಿಚಾರಣೆ ಐತಂತ. ಆ ಪತ್ರಿಕಿಯೊಳಗ ಬಂದ ಹಾಳಿ ಇವರದಂತ.”

“ಯಾವ ಹಾಳಿ?”

“ಸುಚೇತಾ ಅವರು ಹಾಕ್ಯಾರಲ್ಲ, ಅದು. ಹನ್ನೆರಡು ಮಂದಿಗೆ ಕೊಟ್ಟಿದ್ರಂತ. ಒಬ್ಬೊಬ್ಬರ ಹಾಳಿಯೊಳಗ ಬ್ಯಾರೆ ಬ್ಯಾರೆ ಸಾಲು ಸರಿಸಿದ್ರಂತ, ಒಂಚೂರು. ಯಾರ ಕಡೆಯಿಂದ ಹೊರಗ ಹೋತು ಅಂತ ತಿಳಕೊಳ್ಳಾಕ.”

ಸಿದ್ದವ್ವನ ಕೈಯಲ್ಲಿದ್ದ ಸೂಜಿ ಎಲ್ಲಿ ಬಿತ್ತೋ ಗೊತ್ತಾಗಲಿಲ್ಲ. ಅರವತ್ತು ವರ್ಷದಲ್ಲಿ ಅವಳು ಕಳೆದುಕೊಂಡ ಸೂಜಿ ಅದೊಂದೇ. ಫೋನು ಇಟ್ಟ ಮೇಲೆ ಕುರ್ಚಿಯಲ್ಲಿ ಕುಳಿತಳು. ಕೆಟಲ್ ಕುದಿದು ತಾನೇ ಆರಿತು. ಕಾರ್ತಿಕೇಯ. ಆ ಹಾಳೆ ಮೊನ್ನೆ ಇದೇ ಟೇಬಲ್ಲಿನ ಮೇಲೆ, ತನ್ನ ಮೊಣಕೈಗೆ ತಾಗುವಷ್ಟು ಹತ್ತಿರ ಇತ್ತು.

ಸುಚೇತಾ ಆ ದಿನ ಎರಡು ಗಂಟೆಗೇ ಬಂದಳು. ಕೋಟು ತೆಗೆಯಲಿಲ್ಲ. ಅವಳಿಗೂ ಸುದ್ದಿ ಮುಟ್ಟಿತ್ತು, ಕೆಲಸ ಹೋಗುತ್ತಿದೆ ಎಂಬಷ್ಟು. ಹೇಗೆ ಸಿಕ್ಕಿಬಿದ್ದ ಎಂಬುದು ಮಾತ್ರ ತಿಳಿದಿರಲಿಲ್ಲ.

“ನಾನು ಎಲ್ಲಾ ನೋಡಿದ್ದೆ ಅಮ್ಮ. ಫೋಟೋ ಎಲ್ಲಿ ತೆಗೆದಿದ್ದು, ಯಾವಾಗ ತೆಗೆದಿದ್ದು, ಎಲ್ಲಾ ಅಳಿಸಿದ್ದೆ. ಪ್ರಿಂಟರ್‌ಗಳು ತಮ್ಮ ಗುರುತಿಗೆ ಕಣ್ಣಿಗೆ ಕಾಣದ ಹಾಗೆ ಹಳದಿ ಚುಕ್ಕಿ ಹಾಕ್ತಾವೆ, ಅದನ್ನೂ ನೋಡಿದ್ದೆ. ಒಬ್ಬೊಬ್ಬರಿಗೆ ಒಂದೊಂದು ಪದ ಬದಲಾಯಿಸಿ ಕೊಟ್ಟಿದ್ದಾರಾ ಅಂತ ಮೂರು ಸಲ ಓದಿದೆ. ಏನೂ ಇರಲಿಲ್ಲ.”

“ಸಾಲು ಸರದಿದ್ವಲ್ಲ,” ಅಂದಳು ಸಿದ್ದವ್ವ.

“ಏನು?”

“ಆ ಹಾಳಿಯೊಳಗ. ಮೂರನೇದು ಕೆಳಗ. ಏಳನೇದೂ ಕೆಳಗ. ಹನ್ನೊಂದನೇದು ಮ್ಯಾಲ. ಮೂರನೇದರದು ನಾ ಅವತ್ತ ಹೇಳಿದ್ನಲ್ಲ ನಿನಗ. ಉಳಿದದ್ದ ಹೇಳಾಕ ಬಾಯಿ ತೆರದು ಸುಮ್ಮನಾದೆ.”

ಸುಚೇತಾ ನಿಂತಲ್ಲೇ ನಿಂತಳು. “ನೀವು ಬಟ್ಟೆ ವಿಷಯ ಹೇಳ್ತಿದ್ರಿ.”

“ಇಲ್ಲವ್ವ.”

“ಬಟ್ಟೆ ಕೈಯಲ್ಲಿತ್ತು. ಬಿಚ್ಚಿ ಹಾಕಿ ಅಂದೆನಲ್ಲ ನಾನು.”

“ಬಟ್ಟಿ ನನ್ನದು. ನನ್ನ ಬಟ್ಟಿಯೊಳಗ ತಪ್ಪಾಗಿದ್ರ ‘ಸರಿಸೀನಿ’ ಅಂತಿದ್ನಿ. ನಾ ‘ಸರಿಸ್ಯಾರ’ ಅಂದೆ.”

ಮಾತಿನ ಬಾಲ ಅಷ್ಟೇ. ನಾನು ಸರಿಸಿದ್ದೇನೆ ಅನ್ನಲು ಒಂದು, ಅವರು ಸರಿಸಿದ್ದಾರೆ ಅನ್ನಲು ಇನ್ನೊಂದು. ಎಂಟು ವರ್ಷ ಒಂದೇ ಟೇಬಲ್ಲಿನಲ್ಲಿ ಉಂಡು, ಆ ಮಾತಿನ ಬಾಲವನ್ನು ಎಷ್ಟೋ ಸಲ ಅಣಕಿಸಿ ನಕ್ಕವಳಿಗೆ ಅದು ಈಗ ಕೇಳಿಸಿತು.

ಆಮೇಲೆ ಸುಚೇತಾ ಹಾಳೆ ತಂದಳು. ಸಿದ್ದವ್ವ ಬಟ್ಟೆಯ ಅಂಚು ಹಿಡಿದು ಒಂದೊಂದೇ ಸಾಲು ಎಣಿಸಿ ಹೇಳಿದಳು, ಸುಚೇತಾ ಬರೆದುಕೊಂಡಳು. ಕಂಪ್ಯೂಟರಿಗೂ ಅಳತೆ ಹಾಕಿ ನೋಡಿದಳು. ಇಪ್ಪತ್ತಾರು ಸಾಲು. ಸಿದ್ದವ್ವ ಹೇಳಿದ ಐದೇ ಸಾಲು ಸರಿದಿದ್ದವು. ಆರನೆಯದು ಇರಲಿಲ್ಲ.

“ನಾನು ಓದ್ತಾ ಇದ್ದೆ,” ಅಂದಳು ಸುಚೇತಾ, ಯಾರಿಗೋ ಹೇಳುವಂತೆ. “ಓದೋಕೆ ಬರೋರಿಗೆ ಪದ ಕಾಣುತ್ತೆ.”

ಬುಧವಾರ ಇಬ್ಬರೂ ಕೊವೆಂಟ್ರಿಗೆ ಹೋದರು. ಕಾರ್ತಿಕೇಯನೇ ಬಾಗಿಲು ತೆಗೆದ. ಗಡ್ಡ ಬಿಟ್ಟಿರಲಿಲ್ಲ, ಅಂಗಿ ಇಸ್ತ್ರಿಯಾಗಿತ್ತು. ವಿಚಾರಣೆಯಲ್ಲಿ ತಾನು ಕೊಟ್ಟೆ ಎಂದು ಅವನು ಒಪ್ಪಿಕೊಂಡಿರಲಿಲ್ಲ, ಒಪ್ಪಿಕೊಳ್ಳುವಂತೆಯೂ ಇರಲಿಲ್ಲ. ಹಾಗಾಗಿ ಸುಚೇತಾ ಎಲ್ಲೂ ಒಂದು ಮಾತು ತಪ್ಪಾಯಿತು ಎಂದು ಬರೆಯುವಂತಿರಲಿಲ್ಲ. ಅವಳು ಕ್ಷಮೆ ಕೇಳಿದರೆ ಅದೇ ಸಾಕ್ಷಿ. ಬರೆದು ಬದುಕುವವಳಿಗೆ ಆ ಒಂದು ವಿಷಯದಲ್ಲಿ ಬಾಯಿ ಹೊಲಿದಂತಾಗಿತ್ತು.

“ಗೊತ್ತಿದ್ದೇ ಕೊಟ್ಟೀನ್ರಿ,” ಅಂದ ಅವನು. “ಕೇಬಲ್ಲು ಮಂದಿ ಮನಿಯೊಳಗ ಕರಗತಿತ್ತು. ನೀವೊಬ್ಬರೇ ಮಾಡಿದ್ದಲ್ಲ.”

ಸೌಮ್ಯಾ ಚಹಾ ತಂದಿಟ್ಟಳು. ಸುಚೇತಾಳ ಮುಂದೆ ಲೋಟ ಇಡುವಾಗ ಒಂದು ಗಳಿಗೆ ನಿಂತಳು.

“ನೀವು ಬರದದ್ದೆಲ್ಲಾ ಓದೀನಿ ನಾ. ನಿಮ್ಮ ಕೈಯಾಗ ಕೊಟ್ರ ಏನೂ ಆಗಂಗಿಲ್ಲ ಅಂತ ಇವರಿಗೆ ನಾನ ಹೇಳಿದ್ದೆ.”

ಇಷ್ಟೇ ಅಂದು ಒಳಗೆ ಹೋದಳು. ಬೈದಿದ್ದರೆ ಸುಚೇತಾ ಆ ಚಹಾ ಕುಡಿಯುತ್ತಿದ್ದಳೇನೋ.

ವಿಚಾರಣೆ ಮುಗಿದು ಕೆಲಸ ಹೋಯಿತು, ಆ ಅರವತ್ತು ದಿನವನ್ನು ಸಿದ್ದವ್ವನೂ ಎಣಿಸತೊಡಗಿದಳು. ಕಾರ್ತಿಕೇಯ ನಲವತ್ತೊಂದು ಕಂಪನಿಗೆ ಅರ್ಜಿ ಹಾಕಿದ. ಸುಚೇತಾ ತನಗೆ ಗೊತ್ತಿದ್ದವರನ್ನೆಲ್ಲ ಕೇಳಿದಳು. ಬರ್ಮಿಂಗ್‌ಹ್ಯಾಮ್‌ನಲ್ಲಿ ಒಂದು ಕೆಲಸ ಇನ್ನೇನು ಆಗಿಬಿಟ್ಟಿತು ಅನ್ನುವಾಗ, ವೀಸಾ ಕೊಡಲಾಗುವುದಿಲ್ಲ ಅಂದುಬಿಟ್ಟರು. ಐವತ್ತನಾಲ್ಕನೇ ದಿನ ಮೂವರೂ ಮ್ಯಾಂಚೆಸ್ಟರಿನಿಂದ ವಿಮಾನ ಹತ್ತಿದರು. ಇಂಚರಾ ಶಾಲೆಯ ಸ್ವೆಟರನ್ನೇ ಹಾಕಿಕೊಂಡಿದ್ದಳು. ಬೇಸಿಗೆ ರಜೆ ಮುಗಿದ ಮೇಲೆ ವಾಪಸು ಎಂದು ಅವಳಿಗೆ ಹೇಳಿದ್ದರು.

ಜೂನಿನಲ್ಲಿ ಕಂಪನಿ ಆ ಕೇಬಲ್ಲುಗಳನ್ನೆಲ್ಲ ವಾಪಸು ತರಿಸಿಕೊಂಡಿತು. ಸುಚೇತಾಳಿಗೆ ಒಂದು ಬಹುಮಾನಕ್ಕೆ ಹೆಸರು ಸೂಚಿಸಿದ್ದೇವೆ ಎಂದು ಪತ್ರ ಬಂತು. ಅವಳು ನನ್ನ ಹೆಸರು ತೆಗೆಯಿರಿ ಎಂದು ಎರಡು ಸಾಲು ಬರೆದು ಕಳಿಸಿದಳು. ಕಸೂತಿಯ ಅಂಕಣದ ದಿನದಿಂದ ಒಂದು ಹದಿನೈದು ದಿನವೂ ತಪ್ಪದೆ ಬರೆಯುತ್ತಿದ್ದುದನ್ನೂ ಅದೇ ವಾರ ನಿಲ್ಲಿಸಿದಳು. ಅಚ್ಚಿಗೆ ಸಿದ್ಧವಾಗಿದ್ದ ಎರಡನೇ ಪುಸ್ತಕವನ್ನು ಹಿಂದಕ್ಕೆ ತೆಗೆದುಕೊಂಡಳು. ಟೇಬಲ್ಲಿನ ಆ ತುದಿ ಖಾಲಿಯಾಯಿತು. ಸುಚೇತಾ ಮೇಲಿನ ಕೋಣೆಯಲ್ಲೇ ಕೂರುವಳು. ಊಟಕ್ಕೆ ಬಂದಾಗ ಸಿದ್ದವ್ವ ಉಪ್ಪು ಕೊಡು ಅಂದರೂ ತಟ್ಟನೆ ತಿರುಗಿ, “ಏನಂದ್ರಿ? ಇನ್ನೊಂದ್ಸಲ ಹೇಳಿ,” ಅನ್ನುವಳು.

ಈ ವರ್ಷ ಮಾರ್ಚಿನಲ್ಲಿ ಅವಳಿಗೆ ಸಾಲ್ಫರ್ಡ್‌ನಲ್ಲಿ ಹೊಸ ಕೆಲಸವಾಯಿತು. ಬರೆಯುವುದಲ್ಲ. ಹೊಸದಾಗಿ ಬಂದ ವರದಿಗಾರರಿಗೆ, ನಂಬಿ ಕಾಗದ ಕೊಟ್ಟವರನ್ನು ಕಾಪಾಡುವುದು ಹೇಗೆ ಎಂದು ಕಲಿಸುವುದು. ಅಲ್ಲೇ ಮನೆಯನ್ನೂ ಮಾಡಿಕೊಂಡಳು. ಹೊರಟ ದಿನ ಶನಿವಾರ. ಬಂದಾಗ ಇದ್ದ ಎರಡು ಸೂಟ್‌ಕೇಸು ಬಾಗಿಲ ಹತ್ತಿರ ನಿಂತಿದ್ದವು, ಲ್ಯಾಪ್‌ಟಾಪು ಮಾತ್ರ ಒಂದೇ. ಟ್ಯಾಕ್ಸಿಗೆ ಇನ್ನೂ ಹತ್ತು ನಿಮಿಷ ಇತ್ತು. ಸಿದ್ದವ್ವ ದಾರಿಗೆಂದು ರೊಟ್ಟಿ, ಶೇಂಗಾ ಚಟ್ನಿ ಕಟ್ಟಿ ತಂದಳು.

ಸುಚೇತಾ ಗೋಡೆಯ ಕಸೂತಿಯ ಮುಂದೆ ನಿಂತಿದ್ದಳು. ಈ ಸಲ ಬಟ್ಟೆ ಎತ್ತಲಿಲ್ಲ.

“ಅಮ್ಮ, ಒಂದು ಕೇಳ್ಲಾ? ಬೈಯೋಕಲ್ಲ.”

“ಕೇಳವ್ವ.”

“ಸೋಮವಾರ ಮೊದಲನೇ ಕ್ಲಾಸು. ಸಾಲು ಅಳೆಯೋದು, ಚುಕ್ಕಿ ಹುಡುಕೋದು, ಅದನ್ನೆಲ್ಲಾ ಹೇಳಿಕೊಡ್ತೀನಿ, ಅದು ಬರುತ್ತೆ. ಆ ಮಕ್ಕಳ ಮನೇಲೂ ಯಾರೋ ಒಬ್ಬರು ಇಂಥದ್ದನ್ನ ಕಂಡಿರ್ತಾರೆ, ಒಂದ್ಸಲ ಹೇಳಿರ್ತಾರೆ. ಆ ಮಾತು ಕೇಳಿಸ್ಕೊಳ್ಳೋಕೆ ಮಕ್ಕಳಿಗೆ ಏನು ಹೇಳಬೇಕು ಅಂತ ನನಗೆ ಇನ್ನೂ ಗೊತ್ತಾಗಿಲ್ಲ.” ಅವಳು ರೊಟ್ಟಿಯ ಗಂಟನ್ನು ಎರಡೂ ಕೈಯಲ್ಲಿ ತೆಗೆದುಕೊಂಡಳು. “ಏಳನೇ ಸಾಲು ನೋಡಿದಾಗ ನೀವು ಬಾಯಿ ತೆರೆದು ಸುಮ್ಮನಾದ್ರಿ ಅಂದ್ರಲ್ಲ. ಅವತ್ತು ನೀವು ಎರಡನೇ ಸಲಾನೂ ಹೇಳೋ ಹಾಗೆ, ನಾನು ಏನು ಮಾಡಬೇಕಿತ್ತು?”